ಮೇಜರ್ ಸಾಹೇಬರಿಗೊಂದು ಮನೆ

ಒಗೆಯುವ ಬಟ್ಟೆಯನ್ನು ಬಕೀಟಿಗೆ ಹಾಕುವ ಮೊದಲು ಒಮ್ಮೆ ಮೂಸಿ ನೋಡುವ ಚಟ ನನಗಿದೆ. ಮನೆಗೆ ಬಟ್ಟೆ ಒಗೆಯುವ ಮಶೀನು ಬಂದರೂ ಆ ಚಟ ಹೋಗಿಲ್ಲ. ಮಗನ ಶರ್ಟನ್ನು ಮೂಗಿನ ಹತ್ತಿರ ಹಿಡಿದಿದ್ದು ಕಂಡರೆ ಸೊಸೆ ನಗುತ್ತಾಳೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು ಅವಳು. "ಅತ್ಯಾ, ಕ್ಯಾ ಢೂಂಡ್ಲಿಕ್ಕೆ ಹತ್ತೀರಿ ಅದರಾಗ?" ಎನ್ನುತ್ತಾಳೆ. ಹುಡುಕೂದು ಏನೂ ಇಲ್ಲ ಬಿಡು ಎನ್ನುತ್ತೇನೆ. ನಿಜಕ್ಕೂ ಏನೂ ಇರುವುದಿಲ್ಲ. ಬೆವರು, ಲೋಕಲ್ ಟ್ರೇನಿನಲ್ಲಿ ಒರಗಿ ನಿಂತ ಯಾರದೋ ತಲೆಯೆಣ್ಣೆ, ಅಷ್ಟೆ. ಆದರೆ ಒಂದು ಕಾಲದಲ್ಲಿ ನನ್ನ ಗಂಡನ ಶರ್ಟಿನಲ್ಲಿ ಏನೋ ಇತ್ತು. ಅದನ್ನು ಹೇಳಬೇಕೆಂದರೆ ಮೊದಲು ನನ್ನ ಅತ್ತೆಯ ವಿಷಯ ಹೇಳಬೇಕು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ನಾನು ಧಾರವಾಡದಿಂದ ಮದುವೆಯಾಗಿ ಮುಂಬಯಿಗೆ ಬಂದೆ. ಸಯನ್ನಿನಲ್ಲಿ ನಮ್ಮದು ನೆಲಮಾಳಿಗೆಯಲ್ಲದ, ಆದರೆ ಹಾಗೇ ಕತ್ತಲಾಗಿದ್ದ ಕೆಳಗಿನ ಅಂತಸ್ತಿನ ಎರಡು ಖೋಲಿ. ಹಿಂದುಗಡೆ ಒಂದು ನಲ್ಲಿ, ಅದರ ಸುತ್ತ ಗೋಡೆ ಕಟ್ಟಿದ ಸಣ್ಣ ಹಿತ್ತಲು. ಮನೆಯಲ್ಲಿ ನಾನು, ನಮ್ಮವರು, ಅತ್ತೆ. ಅತ್ತೆಗೆ ಈ ಊರಿನ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಭಯ್ಯಾ ಹಾಲು ಅಳೆಯುವಾಗ ಅವನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. "ನೀರು ಹಾಕಿದವನ ಮಾರಿ ಹಾಲಿನಕಿಂತ ತೆಳ್ಳಗಿರ್ತದ" ಎನ್ನುವರು. ತೆಂಗಿನಕಾಯಿಯನ್ನು ಕಿವಿಗೆ ಹಿಡಿದು, ಅದು ಏನೋ ಸುಳ್ಳು ಹೇಳುತ್ತಿದೆ ಎನ್ನುವಂತೆ ಬಹಳ ಹೊತ್ತು ಆಲಿಸುವರು. ನಾನು ಬಂದ ಹೊಸದರಲ್ಲಿ ಉಪ್ಪಿನಕಾಯಿಯ ಭರಣಿಗೆ ಕಟ್ಟಿದ ಬಟ್ಟೆಯ ಗಂಟನ್ನು ಅವರು ದಿನಾ ಪರೀಕ್ಷಿಸುತ್ತಿದ್ದರು. ಗಂಟು ಹಾಕುವ ರೀತಿಯಲ್ಲೇ ಬಿಚ್ಚಿದವರು ಯಾರೆಂದು ಗೊತ್ತಾಗುತ್ತದಂತೆ. ನನಗೂ ಕ್ರಮೇಣ ಅದು ಅಂಟಿಕೊಂಡಿತು. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಎಷ್ಟು ದಿನ ಬೇರೆ ಬೇರೆ ಸ್ವಭಾವ ಇಟ್ಟುಕೊಂಡಿರಲು ಸಾಧ್ಯ?

ಇಂಥ ಮನೆಗೆ ನಮ್ಮವರು ನಾಯಿ ತಂದರು. ಅದೂ ಒಂದಲ್ಲ.

ಅವರು ವಡಾಲದ ಕಡೆ ಬಂದರಿನ ಕಚೇರಿಯೊಂದರಲ್ಲಿ ಗುಮಾಸ್ತರು. ಅಲ್ಲಿದ್ದ ಬಿಳಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟಿದ್ದ ಕಾಲ. ಮೇಜು ಕುರ್ಚಿ, ಪಿಯಾನೋ, ಪಿಂಗಾಣಿ ಎಲ್ಲಕ್ಕೂ ಗಿರಾಕಿ ಸಿಗುತ್ತಿದ್ದರು. ಮಡಿಲಲ್ಲಿ ಕೂರುವ ಪುಟ್ಟ ನಾಯಿಗಳಿಗೂ ಸಿಗುತ್ತಿದ್ದರು. ದೊಡ್ಡ ನಾಯಿಗಳು ಮಾತ್ರ ಖಾಲಿ ಬಂಗಲೆಯ ಗೇಟಿಗೆ ಕಟ್ಟಿದಲ್ಲೇ ಉಳಿಯುತ್ತಿದ್ದವು. ನಮ್ಮವರಿಗೆ ಅದನ್ನು ನೋಡಿಕೊಂಡು ಸ್ಟೇಶನ್ನಿಗೆ ಬರಲು ಆಗಲಿಲ್ಲ. ಒಂದು ಸಂಜೆ ಅಲ್ಸೇಶಿಯನ್ ಒಂದನ್ನು ಹಗ್ಗ ಹಿಡಿದು ನಡೆಸಿಕೊಂಡೇ ಸಯನ್ನಿಗೆ ಬಂದರು. "ಯಾರರೇ ಚಲೋ ಮಂದಿ ಸಿಗೂತನಕಾ ಇರಲಿ ಅವ್ವಾ" ಎಂದರು.

ಅತ್ತೆ ಹಿತ್ತಲ ಬಾಗಿಲಿಗೆ ಅಡ್ಡಲಾಗಿ ರಂಗೋಲಿಯಿಂದ ಒಂದು ಗೆರೆ ಎಳೆದರು. "ಇದನ್ನ ದಾಟಿ ಒಳಗ ಬರಬಾರದು. ನಾಯಿ ಮುಟ್ಟಿದ ಕೈಲೆ ನೀನೂ ನನ್ನ ತಂಬಿಗಿ ಮುಟ್ಟಬಾರದು." ಆಮೇಲೆ ಮಗನನ್ನು ಕೇಳಿದರು: "ಚಲೋ ಮಂದಿ ಅಂತ ಯಾರು ಗೊತ್ತು ಮಾಡ್ತಾರ? ನೀನೇನು? ನಿನಗ ಬದನಿಕಾಯಿ ಆರಿಸಲಿಕ್ಕೆ ಬರೂದಿಲ್ಲ."

ಹೀಗೆ ನಾಯಿಗೆ ಮನೆ ಗೊತ್ತುಮಾಡುವ ಅಧಿಕಾರ ಅತ್ತೆಯ ಕೈಗೆ ಹೋಯಿತು. ನಾಯಿ ಬೇಕೆಂದು ಬಂದವರು ಹಿತ್ತಲಲ್ಲಿ ನಿಲ್ಲಬೇಕು. ಅತ್ತೆ ಬಾಗಿಲೊಳಗೆ ಮಣೆ ಹಾಕಿಕೊಂಡು ಕೂರುವರು. ಮೊದಲು ಬಂದವರ ಚಪ್ಪಲಿ ನೋಡುವರು, ಆಮೇಲೆ ಕೈ. ನಿಮ್ಮ ಮನೆಯಲ್ಲಿ ಬೆಳಗ್ಗೆ ಮೊದಲು ಏಳುವವರು ಯಾರು, ಊಟ ಉಳಿದರೆ ಏನು ಮಾಡುತ್ತೀರಿ, ಸಿಟ್ಟು ಬಂದರೆ ಏನನ್ನು ಎಸೆಯುತ್ತೀರಿ? ನನ್ನನ್ನು ನೋಡಲು ಧಾರವಾಡಕ್ಕೆ ಬಂದಾಗ ಇದರ ಅರ್ಧದಷ್ಟೂ ಕೇಳಿರಲಿಲ್ಲ. ಆ ಅಲ್ಸೇಶಿಯನ್ ಮಾಟುಂಗಾದ ಮೇಷ್ಟರೊಬ್ಬರ ಮನೆಗೆ ಹೋಯಿತು. ಎರಡನೆಯದು ಕರಡಿಯಂತೆ ಮೈತುಂಬ ರೋಮವಿದ್ದ, ಮುಂಬಯಿಯ ಸೆಖೆಗೆ ಹಗಲೆಲ್ಲ ನಲ್ಲಿಯ ಕೆಳಗೆ ತಲೆಯಿಟ್ಟು ನರಳುತ್ತಿದ್ದ ನಾಯಿ. ಅದನ್ನು ಪಂಚಗನಿಯಲ್ಲಿ ವಸತಿಗೃಹ ನಡೆಸುವ ಮುದುಕ ದಂಪತಿ ಕರೆದೊಯ್ದರು. ತಂಪು ಊರಿನವರು ಎಂಬ ಒಂದೇ ಕಾರಣಕ್ಕೆ ಅತ್ತೆ ಅವರಿಗೆ ಅರ್ಧ ಪ್ರಶ್ನೆ ಬಿಟ್ಟುಕೊಟ್ಟಿದ್ದರು.

ಮೂರನೆಯದೇ ಮೇಜರ್.

ಗ್ರೇಟ್ ಡೇನ್ ಅಂತ ಜಾತಿಯಂತೆ. ನಮ್ಮ ಕಡೆಯ ಎಳೆಗರುವಿನಷ್ಟು ಎತ್ತರ. ಬೂದಿ ಬಣ್ಣ, ಜೋತ ಮೋರೆ, ಮೂತಿಯ ಸುತ್ತ ನರೆ. ಬಂದಾಗ ಪಕ್ಕೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ಹಿತ್ತಲಿಗೆ ಬಂದು ರಂಗೋಲಿಯ ಗೆರೆಯನ್ನು ನೋಡಿ, ಅದರಾಚೆ ಮಣೆಯ ಮೇಲೆ ಕೂತ ಅತ್ತೆಯನ್ನು ನೋಡಿ, ಮುಂಗಾಲು ಮಡಚಿ ನಿಧಾನವಾಗಿ ಕೂತಿತು. ಮೇಜರ್ ಎಂದರೆ ಸೈನ್ಯದಲ್ಲಿ ದೊಡ್ಡ ಹುದ್ದೆ ಎಂದು ನಮ್ಮವರು ಹೇಳಿದ್ದೇ ತಡ, ಅತ್ತೆ ಅದಕ್ಕೆ ಬಹುವಚನ ಹಚ್ಚಿದರು. "ಸಾಹೇಬ್ರ, ಸ್ವಲ್ಪ ಆ ಕಡೆ ಸರೀರಿ, ನೀರು ಚೆಲ್ಲಬೇಕು." ನನಗೆ ಮಾತ್ರ ಅವರು ಕಡೆಯತನಕ ಏಕವಚನವೇ.

ಮೇಜರನ್ನು ಕೇಳಿಕೊಂಡು ಮೊದಲು ಬಂದವನು ಬಾಂದ್ರಾದವನು. ಬಿಳಿ ಬೂಟು, ಗಂಧದ ಅತ್ತರು, ಗಲ್ಲಿಯ ತುದಿಯಲ್ಲಿ ಕಾರು. ಅತ್ತೆಗೆಂದು ಮಿಠಾಯಿಯ ಪೊಟ್ಟಣ ತಂದಿದ್ದ. ಬಂಗಲೆಯ ಗೇಟಿನಲ್ಲಿ ಇಂಥದೊಂದು ನಾಯಿ ಇದ್ದರೆ ಶೋಭೆ ಎಂದ. ಅತ್ತೆ ಅವನೊಡನೆ ಮರಾಠಿಯಲ್ಲೇ ಮಾತಾಡಿದರು. ಮೊದಲು ಮನೆಯಲ್ಲಿ ನಾಯಿ ಇತ್ತೇ ಎಂದು ಕೇಳಿದರು. ಇತ್ತು, ಓಡಿಹೋಯಿತು. ಅದರ ಮುಂಚೆ? ಅದೂ ಓಡಿಹೋಯಿತು. ಅತ್ತೆ ಮಿಠಾಯಿಯನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ನಾಯಿ ಸುಮ್ಮ ಸುಮ್ಮನ ಓಡಿಹೋಗೂದಿಲ್ಲ ಇಂದೀ. ಅದಕ್ಕೇನು ಟ್ರೇನಿನ ಟಿಕೀಟು ಕೊಟ್ಟಿರ್ತಾರೇನು?"

ಇನ್ನೊಬ್ಬ ಬಂದ. ನೋಡಲು ಸಾಧು. ಆದರೆ ಅವನು ಮೇಜರ್ ಎಷ್ಟು ಜೋರಾಗಿ ಬೊಗಳುತ್ತದೆ ಎಂದು ಮೂರು ರೀತಿಯಲ್ಲಿ ಕೇಳಿದನೇ ಹೊರತು ಏನು ತಿನ್ನುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಮೈಯಿಂದ ಕೊಳೆತ ಬೆಲ್ಲದ ವಾಸನೆ ಬರುತ್ತಿತ್ತು. ದಾರೂಬಂದಿಯ ಕಾಲ ಅದು. ಮುಂಬಯಿಯಲ್ಲಿ ಕುಡಿಯುವುದು ನಿಂತಿತ್ತು ಎಂದು ಸರ್ಕಾರ ಹೇಳುತ್ತಿತ್ತು, ಕೊಲ್ಲಿಯ ಕೆಸರಿನ ಕಡೆಯಿಂದ ಬರುವ ಗಾಳಿ ಬೇರೆಯೇ ಹೇಳುತ್ತಿತ್ತು. ಕಳ್ಳಭಟ್ಟಿಯ ಕಾವಲಿಗೆ ದೊಡ್ಡ ನಾಯಿ ಬೇಕಲ್ಲ? ಅತ್ತೆ ತಣ್ಣಗೆ ಹೇಳಿದರು: "ಹಾ ಮುಕಾ ಆಹೆ." ಇದು ಮೂಕ. ಮೇಜರ್ ಸಾಹೇಬರು ಅಷ್ಟೂ ಹೊತ್ತು ನಿದ್ದೆ ಮಾಡಿ ಅತ್ತೆಯ ಮಾತು ಉಳಿಸಿದರು.

ಇಷ್ಟರಲ್ಲಿ ನನ್ನ ಅನುಮಾನಕ್ಕೂ ಕೆಲಸ ಸಿಕ್ಕಿತು. ವಾರದಲ್ಲಿ ಒಂದೆರಡು ಸಂಜೆ ನಮ್ಮವರು ತಡವಾಗಿ ಬರತೊಡಗಿದರು. ಬಂದವರು ಮುಂಬಾಗಿಲಿಗೆ ಬರದೆ ಹಿಂದಿನ ಸಂದಿಯಿಂದ ಹಿತ್ತಲಿಗೆ ಹೋಗುವರು, ನಲ್ಲಿಯ ಕೆಳಗೆ ಸ್ನಾನ ಮಾಡುವರು, ತಮ್ಮ ಶರ್ಟನ್ನು ತಾವೇ ನೆನೆಹಾಕುವರು. ಸ್ವಂತ ಶರ್ಟನ್ನು ತಾನೇ ನೆನೆಹಾಕುವ ಗಂಡಸನ್ನು ನಾನು ಧಾರವಾಡದಲ್ಲಿ ಕಂಡಿರಲಿಲ್ಲ. ಒಂದು ದಿನ ಅವರು ಮರೆತು ಗೂಟಕ್ಕೆ ಸಿಕ್ಕಿಸಿದ ಶರ್ಟನ್ನು ತೆಗೆದು ಮೂಸಿದೆ. ಮೆಣಸಲ್ಲ, ಲವಂಗವಲ್ಲ. ಬೇಯಿಸಿದ ಮಾಂಸದ ಮಂದ ವಾಸನೆ, ಸೌದೆಯ ಹೊಗೆಯೊಂದಿಗೆ. ನಮ್ಮ ಮನೆಯಲ್ಲಿ ಈರುಳ್ಳಿಗೂ ಪ್ರವೇಶವಿರಲಿಲ್ಲ. 

ಮಾಂಸ ತಿನ್ನುವವರು ಕುಡಿಯುವುದೂ ಉಂಟೇನೋ, ಎಲ್ಲಿ, ಯಾರ ಜೊತೆ? ತಲೆ ಒಂದು ಸಲ ಆ ದಾರಿ ಹಿಡಿಯಿತೆಂದರೆ ಎಲ್ಲದಕ್ಕೂ ಪುರಾವೆ ಸಿಗುತ್ತದೆ. ಎಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಅತ್ತೆಯ ಮೌನ. ಭರಣಿಯ ಗಂಟನ್ನು ಗುರುತು ಹಿಡಿಯುವ ಹೆಂಗಸಿಗೆ ಮಗನ ಶರ್ಟಿನ ವಾಸನೆ ಹತ್ತದೆ ಇರುತ್ತದೆಯೇ? ಮಗನನ್ನು ಮುಚ್ಚಿಟ್ಟುಕೊಳ್ಳುತ್ತಿದ್ದಾರೆ ಎಂದುಕೊಂಡೆ. ಅವರು ತಡವಾಗಿ ಬರುವ ಸಂಜೆಗಳಂದೇ ಅತ್ತೆ ನನ್ನನ್ನು ದೇವರ ಮುಂದೆ ಕೂರಿಸಿ ಹಾಡು ಹೇಳಿಸುತ್ತಿದ್ದರು. "ಇಂದೀ, ನಿನ್ನ ದನಿ ಭಾಳ ಚಲೋ ಅದ, ಜೋರಾಗಿ ಹೇಳು, ಇನ್ನೊಂದು ಹೇಳು." ಮನಸ್ಸಿನಲ್ಲಿ ಕುದಿಯುತ್ತಿದ್ದರೂ ಹೊಗಳಿಕೆಗೆ ಸೋತು ನಾನು ಗಂಟಲು ಹರಿಯುವಂತೆ ಹಾಡುತ್ತಿದ್ದೆ.

ಒಂದು ಶನಿವಾರ ಧೈರ್ಯ ಮಾಡಿದೆ. ಅಂದು ಕಚೇರಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಆದರೂ ನಮ್ಮವರು ಸಂಜೆಗೇ ಬರುತ್ತೇನೆಂದು ಹೇಳಿ ಹೋಗಿದ್ದರು. "ಅತ್ಯಾ, ವಡಾಲದ ವಿಠ್ಠಲನ ಗುಡಿಗೆ ಹೋಗಿ ಬರ್ತೇನಿ" ಎಂದೆ. ಒಬ್ಬಳೇ ಯಾಕೆ, ಇವತ್ತೇ ಯಾಕೆ ಎಂದು ಕೇಳಬೇಕಾಗಿದ್ದ ಅತ್ತೆ ಏನೂ ಕೇಳಲಿಲ್ಲ. ಬತ್ತಿ ಹೊಸೆಯುತ್ತಲೇ "ಹೋಗಿ ಬಾ" ಎಂದರು. ಅದೇ ನನಗೆ ಅನುಮಾನ ತರಬೇಕಿತ್ತು.

ಬಸ್ಸಿಳಿದು ಕಚೇರಿಯ ಎದುರಿನ ಮರದ ಮರೆಯಲ್ಲಿ ನಿಂತೆ. ಸೆರಗನ್ನು ತಲೆಯ ಮೇಲೆಳೆದುಕೊಂಡು ಹಾಗೆ ನಿಂತ ನನ್ನನ್ನು ದಾರಿಹೋಕರೆಲ್ಲ ಅನುಮಾನದಿಂದ ನೋಡುತ್ತಿದ್ದರು. ನಮ್ಮವರು ಹೊರಬಂದು ಸ್ಟೇಶನ್ನಿನ ಕಡೆ ತಿರುಗದೆ, ಗೋದಾಮುಗಳ ಹಿಂದೆ ಸಾಲು ಖೋಲಿಗಳಿದ್ದ ಚಾಳಿನ ಕಡೆ ನಡೆದರು. ಹಿಂದೆಯೇ ಹೋದೆ. ಕೊನೆಯ ಖೋಲಿಯ ಬಾಗಿಲು ತೆರೆದಿತ್ತು. ಅವರು ಒಳಗೆ ಹೋದರು. ಒಳಗಿಂದ ಹೆಂಗಸಿನ ನಗು ಕೇಳಿಸಿತು. ಆಮೇಲೆ ಕಾಲು ತಾನಾಗಿಯೇ ನಡೆದು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿತು.

ಸೌದೆಯ ಒಲೆ. ಅದರ ಮೇಲೆ ದೊಡ್ಡ ಹಂಡೆ. ಸೌಟು ಹಿಡಿದು ನಿಂತಿದ್ದವರು ತಲೆಯೆಲ್ಲ ಬೆಳ್ಳಗಾಗಿದ್ದ, ಹೂವಿನ ಚಿತ್ರದ ಗೌನು ತೊಟ್ಟ, ನನ್ನ ಅತ್ತೆಯ ವಾರಗೆಯ ಹೆಂಗಸು. ನಮ್ಮವರು ನೆಲದ ಮೇಲೆ ಕೂತು ದೊಡ್ಡ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ನನ್ನನ್ನು ಕಂಡು ಮುಚ್ಚಳ ಕೈಜಾರಿ ಉರುಳಿಕೊಂಡು ಹೋಯಿತು.

"ಯಾರು ಇದು, ಗೋಪಾಳರಾಯರ ಹೆಂಡ್ತಿಯಾ?" ಎಂದರು ಆಕೆ. "ಬನ್ನಿ ಮಾರಾಯ್ರೆ, ಬಾಗಿಲಲ್ಲಿ ಎಂತಕ್ಕೆ ನಿಲ್ಲುದು? ನಿಮ್ಮ ಅತ್ತೆಯ ಕಾಲು ನೋವು ಹೇಗುಂಟು ಈಗ?"

"ಅತ್ತೆ?" ಎಂದೆ.

"ಅವ್ರು ಬಂದಿದ್ರಲ್ಲ ಇಲ್ಲಿಗೆ. ಈ ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿಯೇ ಹೋದದ್ದು. ಎಲುಬು ಎಷ್ಟು ನೀರಿನಲ್ಲಿ ತೊಳೀತೀರಿ, ಉಪ್ಪು ಹಾಕ್ತೀರಾ, ಹಂಡೆಗೆ ಕಲಾಯಿ ಯಾವಾಗ ಮಾಡಿಸಿದ್ದು ಅಂತ. ನನ್ನ ಅತ್ತೆ ಸಹ ಅಷ್ಟು ಕೇಳಿದವರಲ್ಲ."

ಆಕೆ ಸೆರಾಫಿನ್ ಬಾಯಿ, ಮಂಗಳೂರಿನ ಕಡೆಯವರು. ಗಂಡ ಹಡಗಿನಲ್ಲಿ ಅಡುಗೆಯವರು, ಹೋದರೆ ಬರುವುದು ಯಾವಾಗಲೋ. ಬಂದರಿನ ಕಚೇರಿಗೆ ಗಂಡನ ಸುದ್ದಿ ಕೇಳಲು ಬರುತ್ತಿದ್ದವರು ನಮ್ಮವರ ಬಾಯಲ್ಲಿ ಕನ್ನಡ ಕೇಳಿ ಪರಿಚಯವಾದವರು. ಮೇಜರ್ ಮೊಸರನ್ನದಲ್ಲಿ ಸೊರಗುತ್ತಿರುವುದನ್ನು ಕಂಡ ಅತ್ತೆಯೇ ಮಗನಿಗೆ ಹೇಳಿದ್ದರಂತೆ: "ಅವರವರ ಊಟ ಅವರವರಿಗೆ. ಹೊರಗ ಎಲ್ಲೆರೆ ಬೇಯಿಸಿ ತಾ. ಇಂದಿಗೆ ಗೊತ್ತಾಗಬಾರದು, ಅಕಿ ಅಪ್ಪ ಭಾಳ ಮಡಿವಂತರು, ಊರಿಗೆಲ್ಲ ಸುದ್ದಿ ಹೋಗ್ತದ." ನಾನು ಅತ್ತೆಯನ್ನು ಅನುಮಾನಿಸುತ್ತಿದ್ದಾಗ ಅತ್ತೆ ನನ್ನನ್ನು ಅನುಮಾನಿಸುತ್ತಿದ್ದರು. ಮತ್ತೆ ಆ ಹಾಡು? ಹಿತ್ತಲಲ್ಲಿ ಮೇಜರ್ ಎಲುಬು ಕಡಿಯುವ ಸದ್ದು ನನಗೆ ಕೇಳಬಾರದಲ್ಲ, ಅದಕ್ಕೆ. ನನ್ನ ದನಿಯನ್ನು ಆ ಮನೆಯಲ್ಲಿ ಮೆಚ್ಚಿದವರು ಆಮೇಲೆ ಯಾರೂ ಸಿಗಲಿಲ್ಲ.

ಮನೆಯಲ್ಲಿ ಏನೂ ಹೇಳುವುದು ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡೆವು. ಮುಂದಿನ ವಾರವೂ ನಾನು ದೇವರ ಮುಂದೆ ಕೂತು ಹಾಡಿದೆ, ಇನ್ನಷ್ಟು ಜೋರಾಗಿ.

ಅದಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಗ್ಗೆ ಹವಾಲ್ದಾರನೊಬ್ಬ ಬಂದ. ಕೆಳಗಿನ ಖೋಲಿಯವರು ಇಷ್ಟು ದೊಡ್ಡ ನಾಯಿ ಸಾಕಿದ್ದಾರೆ, ಹಿಂದಿನ ಸಂದಿಯಿಂದ ಡಬ್ಬಿಗಳು ಬರುತ್ತವೆ, ಸಂಜೆ ಸದ್ದು ಮುಚ್ಚಲು ಹಾಡು ಹೇಳುತ್ತಾರೆ ಎಂದು ಬಿಲ್ಡಿಂಗಿನವರು ಯಾರೋ ಚಾಡಿ ಹೇಳಿದ್ದರು. ದಾರೂ ಎಲ್ಲಿ ಎಂದ. ಅತ್ತೆ ಅವನನ್ನು ಕರೆದೊಯ್ದು ಹಿಟ್ಟಿನ ಡಬ್ಬಿಯಿಂದ ಗಂಗಾಜಲದ ತಂಬಿಗೆಯವರೆಗೆ ಎಲ್ಲ ತೋರಿಸಿದರು. ಅವನು ಉಪ್ಪಿನಕಾಯಿಯ ಭರಣಿಯನ್ನು ಮೂಸಿ, ಮೇಜರನ್ನು ದೂರದಿಂದಲೇ ನೋಡಿ ಹೋದ. ಆದರೆ ಬಿಲ್ಡಿಂಗಿನ ಮಾಲಕ ಶೇಠ್‌ಗೆ ಅಷ್ಟು ಸಾಕಾಯಿತು. ಅವನು ಬಾಗಿಲಲ್ಲಿ ನಿಂತು ಹೇಳಿದ: "ಕುತ್ತಾ ನಿಕಾಲೋ, ನಹೀಂ ತೋ ಖೋಲಿ ಖಾಲಿ ಕರೋ. ಇತ್ವಾರ್ ತಕ್."

ಭಾನುವಾರದೊಳಗೆ ಮೇಜರಿಗೆ ಮನೆ ಸಿಗಬೇಕು, ಇಲ್ಲವೇ ನಾವು ಬೀದಿಗೆ. ಸುದ್ದಿ ಹೇಗೆ ಹೋಯಿತೋ, ಬಿಳಿ ಬೂಟಿನವನು ಮತ್ತೆ ಬಂದ, ಈ ಸಲ ಇನ್ನೂ ದೊಡ್ಡ ಪೊಟ್ಟಣದೊಂದಿಗೆ. ನಮ್ಮವರು ಸೋತಿದ್ದರು. "ಅವ್ವಾ, ಬಂಗಲೆ ಅದ, ಜಾಗಾ ಅದ. ಕೊಟ್ಟು ಬಿಡೋಣು."

"ಸಾಹೇಬ್ರನ್ನ ಓಡಿಸಿಬಿಡ್ತಾನ ಅವಾ" ಎಂದರು ಅತ್ತೆ. ಅವರ ದನಿ ನಡುಗಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಮೇಜರ್ ಗೆರೆಯಾಚೆ ಮುಂಗಾಲುಗಳ ಮೇಲೆ ಗದ್ದವಿಟ್ಟು ಮಲಗಿತ್ತು. ಗೆರೆ ಎಷ್ಟೋ ದಿನಗಳ ಹಿಂದೆಯೇ ಅಳಿಸಿಹೋಗಿತ್ತು. ಅತ್ತೆಯೂ ಮತ್ತೆ ಎಳೆದಿರಲಿಲ್ಲ, ಅದೂ ದಾಟಿರಲಿಲ್ಲ.

"ಸೆರಾಫಿನ್ ಬಾಯಿ ಇದ್ದಾರಲ್ಲ" ಎಂದುಬಿಟ್ಟೆ.

ನಮ್ಮವರು ಗೋಡೆಯ ಕಡೆ ನೋಡಿದರು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅವರು ಯಾರು ನಿನಗ ಹೆಂಗ ಗೊತ್ತು?"

"ವಿಠ್ಠಲನ ಗುಡಿಗೆ ಹೋಗಿದ್ದೆನಲ್ಲ."

"ಗುಡಿ ಆ ಕಡೆ ಇಲ್ಲ" ಎಂದರು ಅತ್ತೆ. ಆಮೇಲೆ ತುಟಿಯ ಒಂದು ಕೊನೆ ಮಾತ್ರ ಅಲುಗಿತು. ನನಗೆ ಈಗಲೂ ಅನುಮಾನ, ಆ ಶನಿವಾರ ನನ್ನನ್ನು ಅಷ್ಟು ಸಲೀಸಾಗಿ ಕಳಿಸಿದ್ದು ನಾನೇ ಹೋಗಿ ಕಂಡುಕೊಳ್ಳಲಿ ಎಂದೇ ಇರಬೇಕು. ಎಷ್ಟೋ ವರ್ಷಗಳ ಮೇಲೆ ಕೇಳಿದೆ. "ನನಗೇನೂ ನೆನಪಿಲ್ಲ ಬಿಡು" ಎಂದರು. ಅತ್ತೆ ಏನನ್ನಾದರೂ ಮರೆತದ್ದು ಅದೊಂದೇ.

ಶನಿವಾರ ಮೇಜರನ್ನು ನಡೆಸಿಕೊಂಡು ಮೂವರೂ ವಡಾಲಕ್ಕೆ ಹೋದೆವು. ಅತ್ತೆ ಕಾಲು ನೋವಿನಲ್ಲೂ ಬಸ್ಸು ಹತ್ತಲಿಲ್ಲ. ಸಾಹೇಬರನ್ನು ಬಸ್ಸಿಗೆ ಹತ್ತಿಸುವುದಿಲ್ಲವಾದ್ದರಿಂದ ತಾವೂ ಹತ್ತುವುದಿಲ್ಲ ಎಂದರು. ಚಾಳಿನ ಬಾಗಿಲು ಬಂದದ್ದೇ ಮೇಜರ್ ಮೂಗೆತ್ತಿತು. ಹಗ್ಗವನ್ನು ನಮ್ಮವರ ಕೈಯಿಂದ ಕಿತ್ತುಕೊಂಡು ನೇರ ಒಳಗೆ ಹೋಗಿ ಒಲೆಯ ಪಕ್ಕ, ಆ ಹಂಡೆಯ ಎದುರು ಕೂತಿತು. ಇಷ್ಟು ದಿನ ಅದಕ್ಕಾಗಿ ಬೇಯಿಸಿದ್ದ ಸೆರಾಫಿನ್ ಬಾಯಿ ಅದನ್ನು ಕಣ್ಣಾರೆ ಕಂಡದ್ದು ಅಂದೇ. "ಅಯ್ಯೋ ದೇವಾ, ಇಷ್ಟು ದೊಡ್ಡದಾ! ಹಾಗಾದ್ರೆ ನಾನು ಕೊಟ್ಟದ್ದು ಇದಕ್ಕೆ ಎಲ್ಲಿಗೆ ಸಾಕು!" ಎಂದರು.

ಅತ್ತೆ ಮೆಟ್ಟಿಲ ಮೇಲೆ ಕೂತು ಪ್ರಶ್ನೆ ಶುರುಮಾಡುವ ಮೊದಲೇ ಸೆರಾಫಿನ್ ಬಾಯಿ ಸೌಟು ಕೆಳಗಿಟ್ಟು ಎದುರು ನಿಂತರು. ಈ ಸಲ ಅನುಮಾನ ಅವರ ಮುಖದಲ್ಲಿತ್ತು.

"ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇಷ್ಟು ಒಳ್ಳೆ ನಾಯಿಯನ್ನು ನನಗೆ ಎಂತಕ್ಕೆ ಕೊಡುದು? ಕಚ್ತದಾ? ಖಾಯಿಲೆ ಉಂಟಾ? ಪ್ರಾಯ ಎಷ್ಟಾಯ್ತು ಇದಕ್ಕೆ?"

ಅತ್ತೆ ತಲೆಯೆತ್ತಿ ಆಕೆಯನ್ನು ನೋಡಿದರು. 

"ವಯಸ್ಸಾಗ್ಯದರೀ" ಎಂದರು. "ಉಸಿರಿನ ತ್ರಾಸನೂ ಅದ. ಭಾಳ ದಿವಸ ಇರೂದಿಲ್ಲ. ಇಷ್ಟು ಮಂದಿ ಬಂದು ನೋಡಿ ಹೋದರು. ಒಬ್ಬರೂ ವಯಸ್ಸು ಕೇಳಲಿಲ್ಲ. ಕೇಳಿದವರಿಗೆ ಕೊಡಬೇಕಂತ ಕೂತಿದ್ದೆ."

ಸೆರಾಫಿನ್ ಬಾಯಿ ಮೇಜರಿನ ನರೆತ ಮೂತಿಯ ಮೇಲೆ ಕೈಯಿಟ್ಟರು. "ಹಡಗು ಬರುವ ತನಕ ನಾನು ಸಹ ಕಾಯುದೇ" ಎಂದರು. "ಇರ್ಲಿ. ಇಬ್ರೂ ಕಾಯುವ."

ಅತ್ತೆ ಬೇರೇನೂ ಕೇಳಲಿಲ್ಲ.  ಮನೆಗೆ ಬಂದು ಹಿತ್ತಲನ್ನು ತೊಳೆದರು, ತೊಳೆದ ಮೇಲೆ ಮತ್ತೆ ತೊಳೆದರು.

ಅಲ್ಲಿಂದ ಮುಂದೆ ವಡಾಲದ ವಿಠ್ಠಲನ ಮೇಲೆ ಅತ್ತೆಗೆ ಭಕ್ತಿ ಹೆಚ್ಚಿತು. ತಿಂಗಳಿಗೊಮ್ಮೆಯಾದರೂ ದರ್ಶನಕ್ಕೆ ಹೋಗುವರು. ಗುಡಿಯ ಪ್ರಸಾದ ಮನೆಗೆ ಬರುತ್ತಿದ್ದುದು ಕಡಿಮೆ, ಮೇಜರಿನ ಸುದ್ದಿ ಬರುತ್ತಿತ್ತು. ಸಾಹೇಬರು ಮೈ ತುಂಬಿಕೊಂಡಿದ್ದಾರೆ, ಸಾಹೇಬರು ಚಾಳಿನ ಬಾಗಿಲಲ್ಲಿ ಹಗಲೆಲ್ಲ ಬಂದರಿನ ದಾರಿ ನೋಡುತ್ತಾರೆ, ಸೆರಾಫಿನ್ ಬಾಯಿಯ ಗಂಡ ಹಡಗಿಳಿದು ಬಂದಾಗ ಸಾಹೇಬರು ಅವನನ್ನು ಮನೆಯೊಳಗೆ ಬಿಡಲಿಲ್ಲವಂತೆ, ಪಾಪ ಆ ಮನುಷ್ಯ ಅರ್ಧ ದಿನ ಮೆಟ್ಟಿಲ ಮೇಲೆ ಕೂತಿದ್ದನಂತೆ. ಇದನ್ನು ಹೇಳುವಾಗ ಅತ್ತೆಯ ಮುಖದಲ್ಲಿ ಮಗ ಪರೀಕ್ಷೆ ಪಾಸಾದ ತಾಯಿಯ ಕಳೆ ಇರುತ್ತಿತ್ತು. ಯಾರನ್ನೂ ಸುಲಭಕ್ಕೆ ನಂಬದವರು ಕುಟುಂಬದಲ್ಲಿ ಇನ್ನೊಬ್ಬರು ಹೆಚ್ಚಾದಂತೆ ಹಿಗ್ಗುವರು.

ಒಂದು ಮಳೆಗಾಲ ಕಳೆದು ಇನ್ನೊಂದು ಶುರುವಾಗಿತ್ತು. ಒಂದು ಮಧ್ಯಾಹ್ನ ಸೆರಾಫಿನ್ ಬಾಯಿ ಸಯನ್ನಿಗೆ ಬಂದರು. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಕಪ್ಪು ಗೌನು ತೊಟ್ಟಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು, "ಹೋಯ್ತು" ಎಂದರು. "ನಿದ್ದೆಯಲ್ಲೇ. ಒಲೆ ಹತ್ರವೇ. ಏನೂ ಕಷ್ಟ ಆಗ್ಲಿಲ್ಲ ಅದಕ್ಕೆ."

ಅತ್ತೆ ಎದ್ದು ನಲ್ಲಿಯ ಹತ್ತಿರ ಹೋಗಿ, ಉಟ್ಟ ಸೀರೆಯಲ್ಲೇ, ತಲೆಯ ಮೇಲೆ ಒಂದು ತಂಬಿಗೆ ನೀರು ಸುರಿದುಕೊಂಡರು. ಊರಿನಿಂದ ಬಂಧುಗಳು ತೀರಿದ ಸುದ್ದಿ ಬಂದಾಗ ಹಾಗೆ ಮಾಡುವ ಪದ್ಧತಿ. ನಾಯಿಗೆ ಯಾರೂ ಮಾಡುವುದಿಲ್ಲ. ನಾನೂ ಸೆರಾಫಿನ್ ಬಾಯಿಯೂ ನೋಡುತ್ತ ನಿಂತೆವು.

ಆಕೆ ಹೋದ ಮೇಲೆ ಅತ್ತೆ ಒದ್ದೆ ಕೂದಲನ್ನು ಹಿಂಡುತ್ತ ನನ್ನನ್ನು ಕರೆದರು.

"ಇಂದೀ, ಗೋಪ್ಯಾ ಬಂದ ಕೂಡಲೆ ಹೇಳು. ಬಂದರದಾಗ ಯಾರರೆ ದೊಡ್ಡ ನಾಯಿ ಬಿಟ್ಟು ಹೋಗ್ಯಾರೇನು ನೋಡು ಅಂತ. ಈ ಸಲ ಸಣ್ಣ ವಯಸ್ಸಿಂದು ಇರಲಿ."

"ಇಲ್ಲಿ ತಂದ್ರ ಶೇಠ ಸುಮ್ಮನ ಬಿಡ್ತಾನೇನ್ರಿ ಅತ್ಯಾ?"

"ಇಲ್ಲಿ ಯಾಕ? ನೆಟ್ಟಗ ವಡಾಲಕ್ಕೇ ಕರಕೊಂಡು ಹೋಗಲಿ" ಎಂದರು ಅತ್ತೆ. "ಮನಿ ಚಲೋ ಅದ. ನಾ ನೋಡೇನಿ."